ಪೋಲೊ ಕ್ಲಬ್ಬೋ, ಸ್ಟೇಡಿಯಮ್ಮೋ, ಊರ ಬಯಲೋ: ಎರಡೂಕಾಲು ಎಕರೆಯ ಲೆಕ್ಕಾಚಾರ

ದೀಪಾವಳಿಗೆ ಮಾವನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ನಮ್ಮೂರ ಆಟದ ಜಾಗದ ಸುದ್ದಿ ಬಂತು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಶಾಲೆಯ ಹಿಂದೆ ಎರಡೂಕಾಲು ಎಕರೆ ಜಾಗ ಇದೆ. ಅದನ್ನು ಏನು ಮಾಡೋದು ಅಂತ ಯುವಕ ಸಂಘದಲ್ಲಿ ಮೂರು ಮೀಟಿಂಗ್ ಆಗಿತ್ತು. ಮೂರರಲ್ಲೂ ಮಂಡಕ್ಕಿ ಖಾಲಿಯಾಗಿದ್ದು ಬಿಟ್ಟರೆ ಬೇರೆ ಏನೂ ತೀರ್ಮಾನ ಆಗಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ಭಾಮೈದ ಮೊಬೈಲಿನಿಂದ ತಲೆ ಎತ್ತಿದ. "ಭಾವ, ಪೋಲೊ ಕ್ಲಬ್ ಮಾಡಿ. ಕುದುರೆ, ಹಸಿರು ಹುಲ್ಲು, ಹಿಂದೆ ಬೆಟ್ಟ. ಟೂರಿಸ್ಟ್ ಬಂದು ಬೀಳ್ತಾರೆ."

ಮಾವ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟರು. "ನಿಮ್ಮೂರ ಜಾಗದಲ್ಲಿ ಕುದುರೆ ತಿರುಗ್ಸೋಕೂ ಆಗಲ್ಲ ಮಾರಾಯ, ಅದು ಹಳ್ಳಕ್ಕೆ ಹೋಗಿ ಬೀಳ್ತದೆ."

ಎಲ್ಲರೂ ನಕ್ಕೆವು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪೋಲೊ ಯಾಕೆ ಆಗಲ್ಲ? ಸ್ಟೇಡಿಯಂ ಆಗುತ್ತಾ? ಕ್ಲಬ್ ಅಂದರೆ ಏನು ಖರ್ಚು, ಏನು ಲಾಭ? ಆಮೇಲೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಅಲ್ಲಿ ಇಲ್ಲಿ ಓಡಾಡಿ, ನೋಡಿ, ಕೇಳಿ ಒಂದಿಷ್ಟು ತಿಳಿದುಕೊಂಡೆ. ನಿಮ್ಮೂರಲ್ಲೂ ಇದೇ ಚರ್ಚೆ ಇದ್ದರೆ, ಅಥವಾ ಮಗಳನ್ನೋ ಮಗನನ್ನೋ ಆಟಕ್ಕೆ ಎಲ್ಲಿಗೆ ಕಳಿಸೋದು ಅಂತ ಯೋಚಿಸುತ್ತಿದ್ದರೆ, ಇದು ಉಪಯೋಗಕ್ಕೆ ಬಂದೀತು.

ಮೊದಲು ಗುಂಟೆ ಲೆಕ್ಕ

ಅಳತೆಗಳೆಲ್ಲ ಮೀಟರ್, ಗಜದಲ್ಲಿ ಇರುತ್ತವೆ. ನಮಗೆ ಅರ್ಥ ಆಗೋದು ಗುಂಟೆ. ಹಾಗಾಗಿ ಒಂದು ರಾತ್ರಿ ಕೂತು ಎಲ್ಲವನ್ನೂ ಗುಂಟೆಗೆ ಇಳಿಸಿದೆ.

ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದೂಕಾಲು ಗುಂಟೆಗಿಂತ ಚೂರು ಜಾಸ್ತಿ. ವಾಲಿಬಾಲ್ ಅಂಕಣ 18ಕ್ಕೆ 9 ಮೀಟರ್, ಸುತ್ತ ಓಡಾಡೋಕೆ ಮೂರು ಮೀಟರ್ ಬಿಟ್ಟರೂ ಮೂರೂವರೆ ಗುಂಟೆ ಆದೀತು. ಖೋಖೋಗೆ ನಾಲ್ಕೂಕಾಲು ಗುಂಟೆ. ಇಷ್ಟರವರೆಗೆ ಯಾವ ಊರಿಗೂ ತೊಂದರೆ ಇಲ್ಲ, ದೊಡ್ಡ ಮನೆಯ ಅಡಿಕೆ ಅಂಗಳದಲ್ಲೇ ಕಬಡ್ಡಿ ಆಡಬಹುದು.

ಫುಟ್‌ಬಾಲ್ ಮೈದಾನ 105ಕ್ಕೆ 68 ಮೀಟರ್. ಅದು 70 ಗುಂಟೆ, ಹೆಚ್ಚು ಕಡಿಮೆ ಒಂದೂಮುಕ್ಕಾಲು ಎಕರೆ. 400 ಮೀಟರ್ ಓಟದ ಟ್ರ್ಯಾಕ್ ಹಾಕಬೇಕಾದರೆ ನಾಲ್ಕು ಎಕರೆ ಬೇಕು. ಸರಿಯಾದ ಕ್ರಿಕೆಟ್ ಮೈದಾನಕ್ಕೂ ಅಷ್ಟೇ ಇಟ್ಟುಕೊಳ್ಳಿ, ಅದೂ ಪ್ರೇಕ್ಷಕರಿಗೆ ಜಾಗ ಬಿಡದೆ.

ಪೋಲೊ? 300 ಗಜ ಉದ್ದ, 160 ಗಜ ಅಗಲ. ಸುಮಾರು 397 ಗುಂಟೆ. ಹತ್ತು ಎಕರೆಗೆ ಮೂರೇ ಗುಂಟೆ ಕಡಿಮೆ. ಅಂಚಿನಲ್ಲಿ ಚೆಂಡು ತಡೆಯುವ ಹಲಗೆ ಹಾಕದಿದ್ದರೆ ಅಗಲ 200 ಗಜಕ್ಕೆ ಹೋಗುತ್ತದೆ, ಆಗ ಹನ್ನೆರಡೂವರೆ ಎಕರೆ. ಅದೂ ಬೇಸಾಯದ ಗದ್ದೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಇದ್ದರೆ ಆಗಲ್ಲ, ಒಂದೇ ಸಮ ಇರಬೇಕು. ಮಲೆನಾಡಿನಲ್ಲಿ ಒಂದೇ ಸಮ ಇರುವ ಹತ್ತು ಎಕರೆ ಇದ್ದರೆ ಅಲ್ಲಿ ಆಗಲೇ ಅಡಿಕೆ ಎದ್ದಿರುತ್ತದೆ, ಇಲ್ಲವೇ ಸರ್ಕಾರದ ಬೋರ್ಡು ಎದ್ದಿರುತ್ತದೆ.

ನಮ್ಮದು 90 ಗುಂಟೆ. ಕಾಗದದ ಮೇಲೆ ಫುಟ್‌ಬಾಲ್ ಮೈದಾನ ಕೂರುತ್ತದೆ. ನೆಲದ ಮೇಲೆ ಕೂರಲ್ಲ. ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ, ಮಧ್ಯ ಜಾಗ ಹಲಸಿನ ಎಲೆ ಥರ. ನೀವೂ ಎಕರೆ ಎಷ್ಟು ಅಂತ ಮಾತ್ರ ಕೇಳಬೇಡಿ, ಚೌಕ ಎಷ್ಟು ಸಿಗುತ್ತೆ ಅಂತ ಹಗ್ಗ ಹಿಡಿದು ಅಳೆಯಿರಿ. ಹಾಗೇ ಪಹಣಿ ತೆಗೆಸಿ ನೋಡಿ. ಗೋಮಾಳವೋ, ಶಾಲೆ ಹೆಸರಲ್ಲಿದೆಯೋ, ಅರಣ್ಯ ಅಂತ ಬಂದಿದೆಯೋ ಗೊತ್ತಾಗದೆ ಒಂದು ಬುಟ್ಟಿ ಮಣ್ಣೂ ಹಾಕಬೇಡಿ.

ಪೋಲೊ: ಬೇಲಿ ಬಂದದ್ದು ಆಮೇಲೆ

ಪೋಲೊ ಅಂದರೆ ರಾಜರ ಆಟ, ಸೂಟುಬೂಟಿನವರ ಆಟ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈಗಿನ ಪೋಲೊ ಹುಟ್ಟಿದ್ದು ಮಣಿಪುರದ ಊರಾಟದಿಂದ. ಅಲ್ಲಿ ಅದಕ್ಕೆ ಸಗೋಲ್ ಕಾಂಗ್ಜೈ ಅನ್ನುತ್ತಾರೆ. ಗಿಡ್ಡ ಮಣಿಪುರಿ ಕುದುರೆ, ಒಂದೊಂದು ಕಡೆ ಏಳು ಜನ. ಗೋಲು ಕಂಬವೇ ಇಲ್ಲ, ಮೈದಾನದ ಆ ಕೊನೆ ದಾಟಿಸಿದರೆ ಗೋಲು. ಇಂಫಾಲದ ನಡುಮಧ್ಯೆ ಮಪಾಲ್ ಕಾಂಗ್ಜೈಬುಂಗ್ ಅಂತ ಪೋಲೊ ಮೈದಾನ ಇದೆ. ಪೇಟೆಯ ಹೃದಯದಲ್ಲಿ, ಕಾಂಗ್ಲಾ ಕೋಟೆಯ ಪಕ್ಕದಲ್ಲೇ.

ಇದನ್ನು ನೋಡಿ ಕಲಿತವರು ಪಕ್ಕದ ಅಸ್ಸಾಮಿನ ಕಛಾರ್ ಪ್ರದೇಶದ ಬ್ರಿಟಿಷ್ ಟೀ ಪ್ಲಾಂಟರುಗಳು ಮತ್ತು ಸೇನೆಯ ಅಧಿಕಾರಿಗಳು. 1859ರಲ್ಲಿ ಅಲ್ಲಿನ ಸಿಲ್ಚಾರ್‌ನಲ್ಲಿ ಮೊದಲ ಪೋಲೊ ಕ್ಲಬ್ ಆಯಿತು. 1862ರಲ್ಲಿ ಕಲ್ಕತ್ತಾದ ಕ್ಲಬ್. ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು, ಏಳು ಜನ ನಾಲ್ಕಾದರು, ಗೋಲು ಕಂಬ ಬಂತು, ಸದಸ್ಯರ ಪಟ್ಟಿ ಬಂತು. ಊರವರೆಲ್ಲ ಆಡುತ್ತಿದ್ದ ಆಟ, ಪಟ್ಟಿಯಲ್ಲಿ ಹೆಸರಿದ್ದವರ ಆಟ ಆಯಿತು. ಈ ಒಂದು ಸಂಗತಿ ನನ್ನನ್ನು ಆಮೇಲೆ ಎಲ್ಲ ಕಡೆಯೂ ಹಿಂಬಾಲಿಸಿತು. ಎಲ್ಲಿ ಹೋದರೂ ಮೊದಲು ಗೇಟು ನೋಡುವ ಚಾಳಿ ಬಂತು: ಕೀಲಿ ಯಾರ ಜೇಬಿನಲ್ಲಿದೆ?

ಖರ್ಚಿನ ವಿಷಯಕ್ಕೆ ಬಂದರೆ, ಪೋಲೊದಲ್ಲಿ ಒಂದು ಸುತ್ತಿಗೆ ಚಕ್ಕರ್ ಅನ್ನುತ್ತಾರೆ, ಸುಮಾರು ಏಳು ನಿಮಿಷ. ಪ್ರತಿ ಚಕ್ಕರ್‌ಗೂ ಕುದುರೆ ಬದಲಿಸುತ್ತಾರೆ, ಯಾಕೆಂದರೆ ಏಳು ನಿಮಿಷ ಹಾಗೆ ಓಡಿದ ಕುದುರೆಗೆ ಉಸಿರು ತಿರುಗಬೇಕು. ಆಟಗಾರನಿಗೆ ಕನಿಷ್ಠ ಎರಡು ಅಂದರೂ ಎಂಟು ಜನಕ್ಕೆ 16 ಕುದುರೆ. ಅವಕ್ಕೆ ಲಾಯ, ಹುರುಳಿ, ಲಾಳ, ನೋಡಿಕೊಳ್ಳುವ ಆಳುಗಳು. ನಮ್ಮಲ್ಲಿ ಕೊಟ್ಟಿಗೆಯ ಎರಡು ದನ ನೋಡಿಕೊಳ್ಳೋಕೇ ಜನ ಸಿಗುತ್ತಿಲ್ಲ.

ಮಳೆ ಬೇರೆ. ಒದ್ದೆ ನೆಲದಲ್ಲಿ ಸದಾ ನಿಂತರೆ ಕುದುರೆಯ ಗೊರಸು ಕೊಳೆಯುತ್ತದೆ. ಒದ್ದೆ ಹುಲ್ಲಿನ ಮೇಲೆ ಓಡಿಸಿದರೆ ಮೈದಾನ ಉತ್ತ ಗದ್ದೆ ಆಗುತ್ತದೆ. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಯಾರಾದರೂ ಪೋಲೊ ಮಾಡಲೇಬೇಕು ಅಂದರೆ ಶಿಕಾರಿಪುರದ ಕಡೆಯ ಬಯಲುಸೀಮೆ ಅಂಚಿಗೆ ಹೋಗಲಿ, ನಮ್ಮ ಕಡೆ ಬೇಡ.

ಆದರೂ ಪೋಲೊದ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಅರ್ಧ ಆಟ ಆದಾಗ ನೋಡುತ್ತಾ ಕೂತವರೆಲ್ಲ ಮೈದಾನಕ್ಕೆ ಇಳಿಯುತ್ತಾರೆ. ಕುದುರೆ ಗೊರಸಿಗೆ ಕಿತ್ತು ಬಂದ ಹುಲ್ಲಿನ ಹೆಂಟೆಗಳನ್ನು ಕಾಲಿನಿಂದ ತುಳಿದು ಮತ್ತೆ ಕೂರಿಸುತ್ತಾರೆ. ಟೋಪಿ ಹಾಕಿದವರೂ, ಮಕ್ಕಳೂ. ಅಷ್ಟು ಬೇಲಿ ಹಾಕಿಕೊಂಡ ಆಟದಲ್ಲೂ ನೋಡುವವನ ಕಾಲಿಗೆ ಒಂದು ಕೆಲಸ ಉಳಿದಿದೆ ನೋಡಿ.

ಸ್ಟೇಡಿಯಂ: ಎರಡು ಥರ

ಸ್ಟೇಡಿಯಂ ಅಂದರೆ ಒಂದೇ ಅಲ್ಲ. ಒಂದು ಸರ್ಕಾರದ್ದು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನೋಡಿಕೊಳ್ಳುವಂಥದ್ದು. ಶಿವಮೊಗ್ಗದ ನೆಹರೂ ಕ್ರೀಡಾಂಗಣ ಈ ಥರದ್ದು. ಇನ್ನೊಂದು ಒಂದು ಆಟದ ಸಂಸ್ಥೆಯದ್ದು. ಶಿವಮೊಗ್ಗದಲ್ಲೇ ಇರುವ ನವುಲೆಯ ಕ್ರಿಕೆಟ್ ಸ್ಟೇಡಿಯಂ ರಾಜ್ಯ ಕ್ರಿಕೆಟ್ ಸಂಸ್ಥೆಯದ್ದು.

ನವುಲೆಯಿಂದ ಶುರು ಮಾಡೋಣ. 2024ರ ಜನವರಿಯಲ್ಲಿ ಇಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆಯಿತು, 19 ವರ್ಷದೊಳಗಿನವರದ್ದು. ಮುಂಬೈ 380 ಹೊಡೆದಿತ್ತು. ಕರ್ನಾಟಕದ ಪ್ರಖರ್ ಚತುರ್ವೇದಿ ಒಬ್ಬನೇ 638 ಚೆಂಡಿಗೆ 404, ಅದೂ ಔಟಾಗದೆ. ತಂಡದ ಮೊತ್ತ ಎಂಟು ವಿಕೆಟ್‌ಗೆ 890. ಆ ಟ್ರೋಫಿಯ ಫೈನಲ್‌ನಲ್ಲಿ ಅದಕ್ಕೆ ಮೊದಲು ದೊಡ್ಡ ಸ್ಕೋರು ಯುವರಾಜ್ ಸಿಂಗ್ 1999ರಲ್ಲಿ ಹೊಡೆದ 358. ಇಂಥದ್ದು ನಮ್ಮ ಜಿಲ್ಲೆಯಲ್ಲಿ ಆಯಿತು ಅನ್ನೋದು ಸಣ್ಣ ಮಾತಲ್ಲ. ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ, ಅವರ ಕಾಲದಲ್ಲಿ ದೊಡ್ಡ ಕ್ರಿಕೆಟ್ ಅಂದರೆ ಬೆಂಗಳೂರೇ. ಈಗ ರಣಜಿ ಪಂದ್ಯ ನವುಲೆಗೆ ಬರುತ್ತದೆ. ಬೆಳಗಿನ ಬಸ್ಸು ಹತ್ತಿದರೆ ತೀರ್ಥಹಳ್ಳಿಯ ಹುಡುಗ ಊಟದ ವಿರಾಮದ ಮೊದಲೇ ಅಲ್ಲಿರುತ್ತಾನೆ.

ಆದರೆ ಅಲ್ಲಿ ನಾವು ನೋಡುವವರು. ನಾಲ್ಕು ಜನ ಬ್ಯಾಟು ಹಿಡಿದುಕೊಂಡು ಹೋಗಿ ಆ ಪಿಚ್ಚಿನ ಮೇಲೆ ಆಡ್ತೀವಿ ಅಂದರೆ ಆಗಲ್ಲ, ಆಗಲೂಬಾರದು. ಪಿಚ್ಚು ಅಂದರೆ ಅಡಿಕೆ ಸಸಿ ಮಡಿ ಇದ್ದ ಹಾಗೆ, ದಿನಾ ನೋಡಿಕೊಳ್ಳಬೇಕು. ಮಗ ನಿಜವಾಗಿ ಕ್ರಿಕೆಟ್ ಹಿಡಿದುಕೊಂಡಿದ್ದಾನೆ, ವಲಯ ತಂಡದವರೆಗೆ ಹೋಗಬಲ್ಲ ಅಂತ ಕೋಚ್ ಹೇಳಿದ್ದಾರೆ ಅಂದರೆ ಶಿವಮೊಗ್ಗದ ದಾರಿ ಹಿಡಿಯಿರಿ. ಸುಮ್ನೆ ಸಂಜೆ ಆಟ ಅಂದರೆ ಅದು ನಿಮ್ಮ ಜಾಗ ಅಲ್ಲ.

ಸರ್ಕಾರಿ ಕ್ರೀಡಾಂಗಣದ ಕಥೆ ಬೇರೆ. ಓಟ, ಎಸೆತ, ಜಿಗಿತ ಇವಕ್ಕೆ ಅದನ್ನು ಬಿಟ್ಟರೆ ಗತಿ ಇಲ್ಲ. ಬರಿಗಾಲಲ್ಲಿ ಮಣ್ಣಿನ ಮೇಲೆ ಓಡಿ ತಾಲ್ಲೂಕಿಗೆ ಫಸ್ಟ್ ಬಂದ ಹುಡುಗಿ ರಾಜ್ಯಮಟ್ಟದಲ್ಲಿ ಸಿಂಥೆಟಿಕ್ ಟ್ರ್ಯಾಕ್ ನೋಡಿ ಕಂಗಾಲಾಗುತ್ತಾಳೆ. ತಿಂಗಳಿಗೆ ಎರಡು ಸಲವಾದರೂ ಅಂಥ ಟ್ರ್ಯಾಕಿನ ಮೇಲೆ ಓಡಿದ್ದರೆ ಹಾಗಾಗಲ್ಲ. ಹೆಂಗಸರು ಧೈರ್ಯವಾಗಿ ವಾಕಿಂಗ್ ಮಾಡುವ ಜಾಗವೂ ಪೇಟೆಗಳಲ್ಲಿ ಬಹುಪಾಲು ಇದೇ. ಈ ಎರಡು ಕಾರಣಕ್ಕೆ ಜಿಲ್ಲೆಗೊಂದು ಒಳ್ಳೇ ಸ್ಟೇಡಿಯಂ ಬೇಕೇ ಬೇಕು.

ತಾಲ್ಲೂಕಿಗೊಂದು, ಹೋಬಳಿಗೊಂದು ಬೇಕಾ? ಇಲ್ಲಿ ನಾನು ಕಂಡದ್ದು ಹೇಳಬೇಕು. ಹೆಸರು ಬೇಡ. ಒಂದು ತಾಲ್ಲೂಕು ಕ್ರೀಡಾಂಗಣ, ಜುಲೈ ತಿಂಗಳ ಭಾನುವಾರ, ಬೆಳಗ್ಗೆ ಆರೂವರೆ. ಗೇಟಿಗೆ ಬೀಗ. ತುಕ್ಕು ಹಿಡಿಯಬಾರದು ಅಂತ ಬೀಗಕ್ಕೆ ಹಾಲಿನ ಪ್ಯಾಕೆಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಳಗೆ ಮಾತ್ರ ಹತ್ತು ಹದಿನೈದು ಹುಡುಗರು ಆಡುತ್ತಿದ್ದರು. ಎಲ್ಲಿಂದ ಹೋದರು ಅಂತ ಸುತ್ತು ಹಾಕಿದೆ. ಹಿಂದಿನ ಕಾಂಪೌಂಡಿನಲ್ಲಿ ಎರಡು ಸಾಲು ಜಂಬಿಟ್ಟಿಗೆ ಕಲ್ಲು ತೆಗೆದು ದಾರಿ ಮಾಡಿದ್ದರು. ಮಂಡಿ ಊರಿ ಊರಿ ಕಲ್ಲಿನ ಅಂಚು ನುಣ್ಣಗಾಗಿತ್ತು. ನಾನು ನೋಡುತ್ತಿದ್ದಂತೆ ಒಬ್ಬ ಹುಡುಗ ಬಂದ. ಮೊದಲು ಬ್ಯಾಟು ಒಳಗೆ ಹಾಕಿದ, ಆಮೇಲೆ ಚಪ್ಪಲಿ, ಆಮೇಲೆ ತಾನು.

"ಗೇಟ್ ಯಾವಾಗ ತೆಗೀತಾರೋ?" ಅಂತ ಕೇಳಿದೆ.

"ಆಗಸ್ಟ್ ಹದಿನೈದಕ್ಕೆ ತೆಗೀತಾರೆ ಅಂಕಲ್."

ಕಾವಲುಗಾರನದ್ದೂ ತಪ್ಪಲ್ಲ. ತೆರೆದಿಟ್ಟರೆ ರಾತ್ರಿ ಬಾಟಲಿ ಒಡೆಯುತ್ತಾರೆ, ಬಲ್ಬು ಹೋಗುತ್ತದೆ, ಕೇಳೋದು ಅವನನ್ನೇ. ಒಬ್ಬನೇ ಎಷ್ಟು ಹೊತ್ತು ಕಾಯುತ್ತಾನೆ? ಗ್ಯಾಲರಿ ಕಟ್ಟೋಕೆ ಹಣ ಬರುತ್ತದೆ, ಉದ್ಘಾಟನೆಯ ಕಲ್ಲೂ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಎದೆಮಟ್ಟ ಬೆಳೆದ ಹುಲ್ಲು ಕೊಯ್ಯೋಕೆ ಹಣ ಬರಲ್ಲ. ಸಿಂಥೆಟಿಕ್ ಟ್ರ್ಯಾಕ್ ಹತ್ತು ವರ್ಷದ ಆಸುಪಾಸಿನಲ್ಲಿ ಸವೆಯುತ್ತದೆ, ಮತ್ತೆ ಹಾಸಬೇಕು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಹುಲ್ಲಿನಡಿಯಿಂದ ಮಳೆ ನೀರು ಎಳೆದು ಹಾಕುವ ಸಬ್‌ಏರ್ ವ್ಯವಸ್ಥೆ ಇದೆ. ನಮ್ಮ ಹೋಬಳಿಗೆ ಅದನ್ನು ಯಾರು ತರುತ್ತಾರೆ? ನಿಮ್ಮೂರಿಗೆ ಸ್ಟೇಡಿಯಂ ಮಂಜೂರಾಗಿದೆ ಅಂದರೆ ಕುಣಿಯೋ ಮೊದಲು ಎರಡು ಪ್ರಶ್ನೆ ಕೇಳಿ: ಹುಲ್ಲು ಕೊಯ್ಯುವವರು ಯಾರು, ಕೀಲಿ ಇಟ್ಟುಕೊಳ್ಳುವವರು ಯಾರು.

ಕ್ಲಬ್ಬು, ಅದರ ಹಿಂದೆಯೇ ಟರ್ಫು

ಮಲೆನಾಡಿಗೆ ಕ್ಲಬ್ ಹೊಸದಲ್ಲ. ಚಿಕ್ಕಮಗಳೂರಿನ ಕಡೂರು ಕ್ಲಬ್ 1891ರದ್ದು. ಇರೋದು ಚಿಕ್ಕಮಗಳೂರಿನಲ್ಲಿ, ಹೆಸರು ಮಾತ್ರ ಕಡೂರು, ಯಾಕೆಂದರೆ ಆಗ ಜಿಲ್ಲೆಯ ಹೆಸರೇ ಕಡೂರು. ಸಕಲೇಶಪುರದ ಮುಂಜರಾಬಾದ್ ಕ್ಲಬ್ 1893ರದ್ದು. ಕಛಾರಿನಲ್ಲಿ ಟೀ ಪ್ಲಾಂಟರು ಇದ್ದಂತೆ ಇಲ್ಲಿ ಕಾಫಿ ಪ್ಲಾಂಟರು. ಮೈಲುಗಟ್ಟಲೆ ತೋಟದ ನಡುವೆ ಒಂಟಿಯಾಗಿ ಇರುವವರಿಗೆ ವಾರಕ್ಕೊಮ್ಮೆ ಮನುಷ್ಯರ ಮುಖ ನೋಡೋಕೆ ಒಂದು ಜಾಗ ಬೇಕಿತ್ತು. ಆಟಕ್ಕಿಂತ ಮಾತು ಮುಖ್ಯ. ಈಗಲೂ ಕ್ಲಬ್ಬಿನ ಜೀವ ಅದೇ ಅಂತ ನನಗನಿಸುತ್ತದೆ.

ಹಾಗಾಗಿ ವಯಸ್ಸು ಐವತ್ತು ದಾಟಿದೆ, ಷಟಲ್ ಅಥವಾ ಟೆನಿಸ್ ಆಡಿ ಆಮೇಲೆ ಒಂದು ತಾಸು ಕೂತು ಹರಟಬೇಕು, ಕರಿಮೆಣಸಿನ ರೇಟು ಮಾತಾಡಬೇಕು ಅನ್ನುವವರಿಗೆ ಕ್ಲಬ್ ಒಳ್ಳೇದು. ನೆಲ ಸ್ವಚ್ಛ, ನೆಟ್ ಹರಿದಿರಲ್ಲ, ಶೌಚಾಲಯ ಚೆನ್ನಾಗಿರುತ್ತದೆ. ಸೇರುವ ಮೊದಲು ಪ್ರವೇಶ ಶುಲ್ಕ ಮಾತ್ರ ಕೇಳಬೇಡಿ, ಆಡದಿದ್ದ ತಿಂಗಳೂ ಕಟ್ಟಬೇಕಾದ್ದೆಷ್ಟು ಅಂತ ಕೇಳಿ. ಹೆಂಡತಿ ಮಕ್ಕಳಿಗೆ ಅದೇ ಸದಸ್ಯತ್ವದಲ್ಲಿ ಆಡೋಕೆ ಬಿಡ್ತಾರಾ ಕೇಳಿ. ಸದಸ್ಯ ತೀರಿಕೊಂಡರೆ ಮನೆಯವರಿಗೆ ಬರುತ್ತಾ ಅಂತಲೂ ಕೇಳಿ, ಕೆಟ್ಟ ಮಾತು ಅಂದುಕೊಳ್ಳಬೇಡಿ.

ಊರಿಗೆ ಏನು ಸಿಗುತ್ತದೆ ಅಂದರೆ, ಕೆಲವರಿಗೆ ಕೆಲಸ ಸಿಗುತ್ತದೆ. ಕ್ಲಬ್ಬಿನವರು ಮನಸ್ಸು ಮಾಡಿದರೆ ವರ್ಷಕ್ಕೊಂದು ಟೂರ್ನಮೆಂಟೂ ಸಿಗಬಹುದು. ಚೆಂಡು ಹೆಕ್ಕಿ ಕೊಡುವ ಹುಡುಗನಿಗೆ ರಾಕೆಟ್ ಸಿಗುವುದು ಅಪರೂಪ.

ಟರ್ಫ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಲೈಟು, ಗಂಟೆ ಲೆಕ್ಕದ ಬಾಡಿಗೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಆಡಬೇಕು ಅನ್ನುವ ಪೇಟೆಯ ಹುಡುಗರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಹನ್ನೆರಡು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಮಸಾಲೆ ದೋಸೆ ಖರ್ಚು. ಆರು ಜನ ಮಾತ್ರ ಬಂದ ದಿನ ಜಗಳ. ಮೇಲೆ ಮಾಡು, ಅಂದರೆ ಚಾವಣಿ, ಇದೆಯಾ ಅಂತ ಮೇ ತಿಂಗಳಲ್ಲೇ ವಿಚಾರಿಸಿ.

ಬಯಲು

ಊರ ಬಯಲಿಗೆ ಯಾರೂ ಉದ್ಘಾಟನೆ ಮಾಡಿರಲ್ಲ. ಒಂದು ಮರಕ್ಕೆ ಸೈಕಲ್ ಒರಗಿಸಿ, ಇನ್ನೊಂದರ ಬುಡಕ್ಕೆ ಮೂರು ಕಡ್ಡಿ ಚುಚ್ಚಿದರೆ ಶುರು. ಜನವರಿಯಿಂದ ಮೇವರೆಗೆ ಹ್ಯಾಲೋಜನ್ ಲೈಟಿನಡಿ ವಾಲಿಬಾಲ್, ಕಬಡ್ಡಿ ಟೂರ್ನಮೆಂಟು. ಅದೇ ಜಾಗದಲ್ಲಿ ಜಾತ್ರೆಯ ಅಂಗಡಿ, ಬೆಳಗಿನವರೆಗೆ ಯಕ್ಷಗಾನ. ಮದುವೆ ದಿನ ಕಾರು ನಿಲ್ಲಿಸೋಕೂ ಅದೇ.

ಅದೇ ಅದರ ಕಷ್ಟವೂ ಹೌದು. ಎಲ್ಲರದ್ದೂ ಆದ್ದರಿಂದ ಯಾರೂ ನೋಡಿಕೊಳ್ಳಲ್ಲ. ಕಳೆದ ವರ್ಷ ಪೆಂಡಾಲ್ ಬಿಚ್ಚಿದ ಮರುದಿನ ಏಳನೇ ಕ್ಲಾಸಿನ ಹುಡುಗನ ಪಾದಕ್ಕೆ ಮೊಳೆ ಹೊಕ್ಕಿತು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಆಯಿತು. ಸಂಜೆ ನಾವು ನಾಲ್ಕು ಜನ ಹಳೇ ಸ್ಪೀಕರಿನ ಆಯಸ್ಕಾಂತ ಬಿಚ್ಚಿ, ಹಗ್ಗ ಕಟ್ಟಿ, ಇಡೀ ಬಯಲಲ್ಲಿ ಎಳೆದುಕೊಂಡು ಓಡಾಡಿದೆವು. ಒಂದು ಬಿಸ್ಕತ್ತಿನ ಡಬ್ಬಿ ತುಂಬ ಮೊಳೆ, ಎರಡು ಲಾಳ, ಒಂದು ಸ್ಪ್ಯಾನರ್ ಸಿಕ್ಕಿತು. ಲಾಳ ನೋಡಿ, ಎತ್ತಿನದು ಅಂತ ಗೊತ್ತಿದ್ದೂ, ಫೋಟೋ ತೆಗೆದು ಭಾಮೈದನಿಗೆ ಕಳಿಸಿದೆ. "ಪೋಲೊ ಶುರುವಾಯ್ತು" ಅಂತ.

ಇನ್ನೊಂದು ಕೊರತೆ ಇದೆ, ಅದನ್ನು ನಮ್ಮ ಮೀಟಿಂಗಿನಲ್ಲಿ ಯಾರೂ ಎತ್ತಿರಲಿಲ್ಲ. ಬಯಲಲ್ಲಿ ಆಡುವವರು ಗಂಡು ಹುಡುಗರೇ. ಖೋಖೋದಲ್ಲಿ ಚಿಗರೆಯಂತೆ ಓಡುತ್ತಿದ್ದ ಹುಡುಗಿಯರು ಎಂಟನೇ ಕ್ಲಾಸು ದಾಟುತ್ತಿದ್ದಂತೆ ಕಾಣಿಸಲ್ಲ. ಅಂಗನವಾಡಿ ಅಕ್ಕನನ್ನು ಕೇಳಿದೆ. "ಬಟ್ಟೆ ಬದಲಿಸೋಕೆ ಒಂದು ಕೋಣೆ ಇದ್ಯಾ ಅಲ್ಲಿ? ಶಾಲೆ ಬಿಟ್ಟ ಮೇಲೆ ಶೌಚಾಲಯಕ್ಕೆ ಬೀಗ. ಮತ್ತೆ ಎಂತ ಆಡ್ತಾರೆ?" ಅಂದರು. ಮತ್ತೆ ಕೀಲಿಯ ಹತ್ತಿರವೇ ಬಂದು ನಿಂತೆ.

ಮಳೆಗಾಲದಲ್ಲಿ ಮಾತ್ರ ಬಯಲಿಗೆ ಸರಿಸಾಟಿ ಇಲ್ಲ. ಸ್ಟೇಡಿಯಂ ಮುಚ್ಚುವ ತಿಂಗಳಲ್ಲೇ ನಮ್ಮಲ್ಲಿ ಕೆಸರುಗದ್ದೆ ಆಟ. ನಾಟಿಗೆ ಮೊದಲು ಹೂಡಿದ ಗದ್ದೆಯೊಂದನ್ನು ಯಾರಾದರೂ ಬಿಟ್ಟುಕೊಡುತ್ತಾರೆ. ಓಟ, ಹಗ್ಗ ಜಗ್ಗಾಟ, ವಾಲಿಬಾಲ್. ಮೊಣಕಾಲವರೆಗೆ ಕೆಸರು, ಯಾರು ಯಾವ ತಂಡ ಅಂತಲೇ ಗೊತ್ತಾಗಲ್ಲ. ಆ ದಿನ ಹೆಂಗಸರೂ ಇಳಿಯುತ್ತಾರೆ. ನೋಡೋಕೆ ಬಂದವರ ಮೇಲೂ ಕೆಸರು ಹಾರುತ್ತದೆ. ಪೋಲೊದವರು ಅರ್ಧ ಆಟಕ್ಕೆ ಕಾಯಬೇಕು, ಇಲ್ಲಿ ಮೊದಲ ನಿಮಿಷಕ್ಕೇ ಪ್ರೇಕ್ಷಕ ಮೈದಾನದೊಳಗೆ.

ಹಾಗಾದರೆ ಯಾರಿಗೆ ಯಾವುದು

ನನ್ನ ಅಭಿಪ್ರಾಯ ಇಷ್ಟು. ಮಗು ಹತ್ತು ವರ್ಷದೊಳಗಿದ್ದರೆ ಬಯಲು ಸಾಕು, ಅಕಾಡೆಮಿ ಗಿಕಾಡೆಮಿ ಬೇಡ. ಹದಿಮೂರು ಹದಿನಾಲ್ಕಕ್ಕೆ ಒಂದು ಆಟದಲ್ಲಿ ಎದ್ದು ಕಂಡರೆ ಜಿಲ್ಲಾ ಸ್ಟೇಡಿಯಂ, ಹಾಸ್ಟೆಲ್ ಆದರೂ ಸರಿ. ಹತ್ತಿರದ ಕ್ರೀಡಾಂಗಣ ಒಳ್ಳೆಯದಾ ಅಂತ ತಿಳಿಯಬೇಕಾದರೆ ಡಿಸೆಂಬರಿನ ಬಿಸಿಲಲ್ಲಿ ಹೋಗಬೇಡಿ, ಜುಲೈನಲ್ಲಿ ಬೆಳಗ್ಗೆ ಆರಕ್ಕೆ ಹೋಗಿ. ಗೇಟು, ಚರಂಡಿ, ಶೌಚಾಲಯ ಮೂರನ್ನೂ ನೋಡಿ. ಕ್ಲಬ್ಬಿಗೆ ನಿಮ್ಮ ದುಡ್ಡಲ್ಲಿ ಸೇರಿ, ಊರ ಜಾಗದಲ್ಲಿ ಕಟ್ಟಬೇಡಿ. ಪೋಲೊ ನೋಡಬೇಕು ಅನಿಸಿದರೆ ಇಂಫಾಲಕ್ಕೆ ಹೋಗಿ ಬನ್ನಿ. ನಾನೂ ಹೋಗಬೇಕು ಅಂತಿದ್ದೀನಿ, ಈ ಸಲದ ಕೊಳೆ ರೋಗ ಅಡಿಕೆಯನ್ನು ಎಷ್ಟು ಬಿಡುತ್ತೆ ನೋಡಿಕೊಂಡು.

ನಮ್ಮೂರ ನಾಲ್ಕನೇ ಮೀಟಿಂಗಿನಲ್ಲಿ ಕೊನೆಗೂ ತೀರ್ಮಾನ ಆಯಿತು. ಗ್ಯಾಲರಿ ಇಲ್ಲ. ಮಧ್ಯ ಸ್ವಲ್ಪ ಉಬ್ಬು ಬಿಟ್ಟು ನೆಲ ಮಟ್ಟ ಮಾಡೋದು, ನೀರು ಎರಡೂ ಕಡೆ ಹರಿಯಲಿ ಅಂತ. ಜಂಬಿಟ್ಟಿಗೆ ಮಣ್ಣು ಹಾಕಿದರೆ ನೀರು ಬೇಗ ಇಂಗುತ್ತದೆ, ಆದರೆ ಬಿದ್ದರೆ ಮಂಡಿ ಕಿತ್ತುಹೋಗುತ್ತದೆ, ಹಾಗಾಗಿ ಮೇಲೆ ಕೆರೆಮಣ್ಣಿನ ಒಂದು ಪದರ. ಒಂದು ಕಬಡ್ಡಿ ಅಂಕಣದಷ್ಟು ಜಾಗಕ್ಕೆ ಶೀಟಿನ ಮಾಡು. ಪಕ್ಕದಲ್ಲಿ ಹುಡುಗಿಯರಿಗೆ ಒಂದು ಕೋಣೆ, ಶೌಚಾಲಯ. ಅದರ ಕೀಲಿ ಎರಡು: ಒಂದು ಅಂಗನವಾಡಿ ಅಕ್ಕನ ಹತ್ತಿರ, ಇನ್ನೊಂದು ರಸ್ತೆಯಂಚಿನ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿರೋದು. ಮೈದಾನದ ದಾರಿಗೆ ದನ ಬರದಂತೆ ಸರಪಳಿ ಹಾಕಿದ್ದೇವೆ, ಬೀಗ ಹಾಕಿಲ್ಲ.

ಮಳೆ ಹಿಡಿಯುವ ಮೊದಲು ದರೆಯ ಮೇಲ್ಗಡೆ ಚರಂಡಿ ತೆಗೆಸಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಕೆರೆಮಣ್ಣು ಹಳ್ಳದ ಪಾಲು. ಜೆಸಿಬಿಯವನು ಮುಂದಿನ ಸೋಮವಾರ ಬರ್ತೀನಿ ಅಂದಿದ್ದಾನೆ. ಹೋದ ಸೋಮವಾರವೂ ಹಾಗೇ ಅಂದಿದ್ದ.